ಎಂ2 ಮ್ಯಾಕ್‌ಬುಕ್‌ನಲ್ಲಿ ವಿಷುಯಲ್ ಸ್ಟುಡಿಯೋ: ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಪ್ರಶ್ನೆ: ನನ್ನ ಬಳಿ ಇರುವುದು ಎಂ2 ಮ್ಯಾಕ್‌ಬುಕ್ ಏರ್, 16 ಜಿಬಿ ಮೆಮೊರಿ, 512 ಜಿಬಿ ಡಿಸ್ಕ್. ಹೊಸ ಕೆಲಸದಲ್ಲಿ ಎರಡು ಪ್ರಾಜೆಕ್ಟ್ ನೋಡಿಕೊಳ್ಳಬೇಕು. ಒಂದು, ಡಾಟ್‌ನೆಟ್ 8ರ ವೆಬ್ ಎಪಿಐ. ಅದು ಬೇರೆ ಕಂಪನಿಯೊಂದು ಕೊಟ್ಟ ಸಿ++ ಡಿಎಲ್‌ಎಲ್ (ಸಿದ್ಧ ಕೋಡ್‌ನ ಫೈಲ್) ಬಳಸುತ್ತದೆ. ಇನ್ನೊಂದು, ಡಾಟ್‌ನೆಟ್ ಫ್ರೇಮ್‌ವರ್ಕ್ 4.7.2ರ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್. ಅದರ ಪರದೆಗಳು ವಿನ್‌ಫಾರ್ಮ್ಸ್‌ನಲ್ಲಿ, ವರದಿಗಳು ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ. ಎರಡಕ್ಕೂ ಎಸ್‌ಕ್ಯೂಎಲ್ ಸರ್ವರ್ ಬೇಕು. ಮ್ಯಾಕ್‌ನಲ್ಲಿ ವಿಂಡೋಸ್ ಓಡಿಸುವ ಪ್ಯಾರಲಲ್ಸ್ ಸಾಫ್ಟ್‌ವೇರ್‌ನಲ್ಲಿ ವಿಂಡೋಸ್ 11, ಅದರಲ್ಲಿ ವಿಷುಯಲ್ ಸ್ಟುಡಿಯೋ 2022 ಹಾಕಿದ್ದೇನೆ. ಎಸ್‌ಕ್ಯೂಎಲ್ ಸರ್ವರ್ ಇನ್‌ಸ್ಟಾಲ್ ಆಗುತ್ತಿಲ್ಲ, ಡಾಕರ್ ಏಳುತ್ತಿಲ್ಲ, ಎಪಿಐ ಆ ಡಿಎಲ್‌ಎಲ್ ಕರೆದ ಕೂಡಲೇ ‘ಬ್ಯಾಡ್ ಇಮೇಜ್ ಫಾರ್ಮ್ಯಾಟ್’ ಎಂದು ಬೀಳುತ್ತದೆ, ಬಿಲ್ಡ್ ವಿಪರೀತ ನಿಧಾನ. ಇಂಟೆಲ್ ಲ್ಯಾಪ್‌ಟಾಪ್ ಕೊಳ್ಳದೆ ಬೇರೆ ದಾರಿ ಇಲ್ಲವೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಎರಡಕ್ಕೆ ವರ್ಚುವಲ್ ಮಷೀನ್‌ನ (ಪ್ಯಾರಲಲ್ಸ್ ಮ್ಯಾಕ್ ಒಳಗೆ ಕಟ್ಟಿದ ವಿಂಡೋಸ್ ಯಂತ್ರದ) ಒಳಗೆ ಪರಿಹಾರವೇ ಇಲ್ಲ, ಅವುಗಳನ್ನು ಮ್ಯಾಕ್ ಕಡೆಗೆ ಸಾಗಿಸಬೇಕು. ಉಳಿದೆರಡು ಬರೀ ಸೆಟ್ಟಿಂಗ್ ವಿಷಯ.

ಮೊದಲು ನಿಮ್ಮ ಮ್ಯಾಕ್ ಒಳಗೆ ನಿಜವಾಗಿ ಏನು ಓಡುತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಎಂ ಸರಣಿಯ ಚಿಪ್‌ಗಳು ಆರ್ಮ್64 ವಾಸ್ತುಶೈಲಿಯವು. ಪ್ಯಾರಲಲ್ಸ್ ಇಲ್ಲಿ ಓಡಿಸುವುದು ಆರ್ಮ್‌ಗೆಂದೇ ಕಟ್ಟಿದ ವಿಂಡೋಸ್ 11. ನಿಮ್ಮ ಸಹೋದ್ಯೋಗಿಗಳ ಮೇಜಿನ ಮೇಲಿರುವುದು ಎಕ್ಸ್64, ಅಂದರೆ ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಚಿಪ್‌ಗಳ ವಿಂಡೋಸ್. ನೋಡಲು ಎರಡೂ ಒಂದೇ. ಎಕ್ಸ್86 (ಅದೇ ಚಿಪ್‌ಗಳ 32 ಬಿಟ್ ರೂಪ) ಮತ್ತು ಎಕ್ಸ್64 ಪ್ರೋಗ್ರಾಂಗಳನ್ನು ಆರ್ಮ್ ವಿಂಡೋಸ್ ಎಮ್ಯುಲೇಶನ್ ಮೂಲಕ, ಅಂದರೆ ಬೇರೆ ಚಿಪ್‌ನ ಕೋಡ್ ಅನ್ನು ಅನುವಾದಿಸಿಕೊಂಡು ಓಡಿಸುತ್ತದೆ. 24ಎಚ್2 ಆವೃತ್ತಿಯಿಂದ ಈ ಎಮ್ಯುಲೇಟರ್‌ಗೆ ಪ್ರಿಸಮ್ ಎಂದು ಹೆಸರು. ಆದರೆ ಈ ವ್ಯವಸ್ಥೆಗೆ ಮೂರು ಗಡಿಗಳಿವೆ. ಒಂದು, ಎಮ್ಯುಲೇಶನ್ ಇಡೀ ಪ್ರೊಸೆಸ್‌ಗೆ ಅನ್ವಯಿಸುತ್ತದೆ, ಆದ್ದರಿಂದ ಆರ್ಮ್64 ಪ್ರೊಸೆಸ್ ಒಳಗೆ ಎಕ್ಸ್64 ಡಿಎಲ್‌ಎಲ್ ಲೋಡ್ ಆಗುವುದಿಲ್ಲ. ಎರಡು, ಕರ್ನಲ್ ಡ್ರೈವರ್‌ಗೆ ಎಮ್ಯುಲೇಶನ್ ಇಲ್ಲವೇ ಇಲ್ಲ. ಮೂರು, ಈ ವರ್ಚುವಲ್ ಮಷೀನ್‌ನೊಳಗೆ ಇನ್ನೊಂದು ವರ್ಚುವಲ್ ಮಷೀನ್ ಏಳುವುದಿಲ್ಲ. ಯಾವ ಟೂಲ್ ಕೈಕೊಟ್ಟರೂ ಈ ಮೂರರಲ್ಲಿ ಯಾವ ಗಡಿ ಎದುರಾಯಿತು ಎಂದು ಕೇಳಿಕೊಂಡರೆ ಕಾರಣ ಬೇಗ ಸಿಗುತ್ತದೆ.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಎಡವಿದ್ದು ಮೂರನೆಯ ಗಡಿಯಲ್ಲಿ. ವಿಂಡೋಸ್‌ನ ಡಾಕರ್ ಡೆಸ್ಕ್‌ಟಾಪ್‌ಗೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಅಥವಾ ಹೈಪರ್-ವಿ (ಮೈಕ್ರೋಸಾಫ್ಟ್‌ನ ವರ್ಚುವಲ್ ಮಷೀನ್ ವ್ಯವಸ್ಥೆ) ಬೇಕು, ಎರಡಕ್ಕೂ ವರ್ಚುವಲೈಸೇಶನ್ ಬೇಕು. ಬಯಾಸ್‌ನಲ್ಲಿ ಆನ್ ಮಾಡಿ ಎನ್ನುವ ಸಲಹೆಗಳು ಇಂಟೆಲ್ ಯಂತ್ರಗಳಿಗೆ ಬರೆದವು, ನಿಮಗೆ ಅನ್ವಯಿಸುವುದಿಲ್ಲ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಮತ್ತು ಆಂಡ್ರಾಯ್ಡ್ ಎಮ್ಯುಲೇಟರ್ ಕೂಡ ಇದೇ ಕಾರಣಕ್ಕೆ ಓಡುವುದಿಲ್ಲ. ಡಬ್ಲ್ಯುಎಸ್‌ಎಲ್ 1 ಮಾತ್ರ ಓಡುತ್ತದೆ, ಅದಕ್ಕೆ ವರ್ಚುವಲ್ ಮಷೀನ್ ಬೇಕಿಲ್ಲ. ಆದರೂ ಕೆಳಗೇ ಮ್ಯಾಕ್‌ನ ಟರ್ಮಿನಲ್ ಇರುವಾಗ ಅದರ ಗೊಡವೆ ಯಾಕೆ? ಡಾಕರ್ ಅನ್ನು ವಿಂಡೋಸ್‌ನಿಂದ ತೆಗೆದು ಮ್ಯಾಕ್‌ನಲ್ಲಿ ಹಾಕಿ. 250ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಡಾಕರ್ ಡೆಸ್ಕ್‌ಟಾಪ್‌ಗೆ ಹಣ ಕಟ್ಟಬೇಕು. ನಿಮ್ಮದು ಅಂಥದ್ದಾಗಿದ್ದರೆ ಕೊಲಿಮಾ ಎಂಬ ಉಚಿತ ಟೂಲ್ ನೋಡಿ.

ಇನ್ನು ಎಸ್‌ಕ್ಯೂಎಲ್ ಸರ್ವರ್. ಇದರ ಎಂಜಿನ್‌ಗೆ ಆರ್ಮ್ ವಿಂಡೋಸ್ ಬೆಂಬಲ ಇಲ್ಲ, ಇನ್‌ಸ್ಟಾಲರ್‌ನೊಂದಿಗೆ ಗುದ್ದಾಡಿ ಫಲವಿಲ್ಲ. ಅದರ ಪುಟ್ಟ ರೂಪವಾದ ಲೋಕಲ್‌ಡಿಬಿಯನ್ನು ಹೇಗೋ ಎಬ್ಬಿಸುವ ಉಪಾಯಗಳು ಓಡಾಡುತ್ತಿವೆ. ಇವತ್ತು ನಡೆದದ್ದು ಮುಂದಿನ ಅಪ್‌ಡೇಟ್‌ಗೆ ನಿಂತುಹೋದರೆ ಕೆಲಸದ ದಿನವೇ ಹಾಳು. ಹಳೆಯ ಲೇಖನಗಳು ಅಜೂರ್ ಎಸ್‌ಕ್ಯೂಎಲ್ ಎಡ್ಜ್ ಬಳಸಿ ಎನ್ನುತ್ತವೆ. ಅದನ್ನು ಮೈಕ್ರೋಸಾಫ್ಟ್ 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿದೆ. ಉಳಿಯುವ ದಾರಿ, ಲಿನಕ್ಸ್‌ಗಾಗಿ ಇರುವ ಎಸ್‌ಕ್ಯೂಎಲ್ ಸರ್ವರ್ 2022ರ ಡಾಕರ್ ಇಮೇಜ್ ಅನ್ನು ಮ್ಯಾಕ್‌ನಲ್ಲಿ ರೊಸೆಟ್ಟಾ (ಇಂಟೆಲ್ ಕೋಡ್ ಓಡಿಸುವ ಆಪಲ್‌ನ ಅನುವಾದಕ) ಮೂಲಕ ಓಡಿಸುವುದು. ಹೀಗೆ ಎಮ್ಯುಲೇಶನ್‌ನಲ್ಲಿ ಓಡಿಸುವುದಕ್ಕೆ ಮೈಕ್ರೋಸಾಫ್ಟ್‌ನ ಅಧಿಕೃತ ಬೆಂಬಲವಿಲ್ಲ, ಡೆವಲಪ್‌ಮೆಂಟ್‌ಗೆ ಸಾಕು ಅಷ್ಟೇ.

ಡಾಕರ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ, ಜನರಲ್ ವಿಭಾಗದಲ್ಲಿ, ರೊಸೆಟ್ಟಾ ಬಳಸುವ ಆಯ್ಕೆಗೆ ಟಿಕ್ ಹಾಕಿ. ಮ್ಯಾಕ್‌ಓಎಸ್ 13 ಅಥವಾ ನಂತರದ್ದು ಬೇಕು. ರನ್ ಕಮಾಂಡ್‌ನಲ್ಲಿ ಪ್ಲಾಟ್‌ಫಾರ್ಮ್ ಲಿನಕ್ಸ್ ಎಎಂಡಿ64 ಎಂದು ಸ್ಪಷ್ಟವಾಗಿ ಕೊಡಿ, ಪೋರ್ಟ್ 1433 ತೆರೆಯಿರಿ, ಡೇಟಾ ಫೋಲ್ಡರ್‌ಗೆ ಒಂದು ವಾಲ್ಯೂಮ್ ಕಟ್ಟಿ. ವಾಲ್ಯೂಮ್ ಮರೆತರೆ ಕಂಟೇನರ್ ಅಳಿಸಿದ ದಿನ ಡೇಟಾಬೇಸ್ ಕೂಡ ಹೋಗುತ್ತದೆ. ಕಂಟೇನರ್ ಹುಟ್ಟಿದ ಕೆಲವೇ ಸೆಕೆಂಡಿನಲ್ಲಿ ಸತ್ತರೆ ಮೊದಲು ಎಸ್‌ಎ (ಸರ್ವರ್‌ನ ಅಡ್ಮಿನ್ ಲಾಗಿನ್) ಪಾಸ್‌ವರ್ಡ್ ನೋಡಿ: ಕನಿಷ್ಠ 8 ಅಕ್ಷರ ಇರಬೇಕು, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಈ ನಾಲ್ಕರಲ್ಲಿ ಮೂರು ಬಗೆ ಸೇರಿರಬೇಕು. ಪಾಸ್‌ವರ್ಡ್‌ನಲ್ಲಿ ಆಶ್ಚರ್ಯಸೂಚಕ ಇದ್ದರೆ ಅದನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಜೋಡಿ ಚಿಹ್ನೆಯಲ್ಲಿ ಬರೆದರೆ ಮ್ಯಾಕ್‌ನ ಝಡ್‌ಶೆಲ್ ಅದನ್ನು ಹಳೆಯ ಕಮಾಂಡ್‌ಗಳ ಹುಡುಕಾಟ ಎಂದುಕೊಳ್ಳುತ್ತದೆ.

ವಿಂಡೋಸ್ ಒಳಗಿನಿಂದ ಈ ಸರ್ವರ್ ತಲುಪುವುದು ಹೇಗೆ? ಲೋಕಲ್‌ಹೋಸ್ಟ್ ಎಂದು ಬರೆದರೆ ವಿಂಡೋಸ್ ತನ್ನೊಳಗೇ ಹುಡುಕುತ್ತದೆ. ಪ್ಯಾರಲಲ್ಸ್‌ನ ಶೇರ್ಡ್ ನೆಟ್‌ವರ್ಕ್‌ನಲ್ಲಿ ಮ್ಯಾಕ್‌ನ ವಿಳಾಸ ಸಾಮಾನ್ಯವಾಗಿ 10.211.55.2. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಆ ವಿಳಾಸ, ಅಲ್ಪವಿರಾಮ, 1433 ಎಂದು ಕೊಡಿ. ಇಲ್ಲಿ ಎಸ್‌ಕ್ಯೂಎಲ್ ಸರ್ವರ್ ಪೋರ್ಟ್‌ಗೆ ಬಳಸುವುದು ಅಲ್ಪವಿರಾಮ, ಕೋಲನ್ ಅಲ್ಲ. ವಿಂಡೋಸ್ ಅಥೆಂಟಿಕೇಶನ್ ಬಿಟ್ಟು ಎಸ್‌ಕ್ಯೂಎಲ್ ಲಾಗಿನ್ ಬಳಸಿ. ಹೊಸ ಎಸ್‌ಕ್ಯೂಎಲ್ ಕ್ಲೈಂಟ್ ಲೈಬ್ರರಿ, 4.0 ಆವೃತ್ತಿಯಿಂದ ಮುಂದೆ, ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಮಾಡಿಕೊಂಡು ಸರ್ಟಿಫಿಕೇಟ್ ನಂಬಲಾಗದು ಎಂದು ತಕರಾರು ತೆಗೆಯುತ್ತದೆ. ಡೆವಲಪ್‌ಮೆಂಟ್ ಸ್ಟ್ರಿಂಗ್‌ನಲ್ಲಿ ಮಾತ್ರ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಅನ್ನು ಟ್ರೂ ಮಾಡಿ. ಇನ್ನೊಂದು ಮಾತು: ಪೋರ್ಟ್ ಅನ್ನು ಬರೀ 1433 ಎಂದು ತೆರೆದರೆ ಡಾಕರ್ ಅದನ್ನು ಎಲ್ಲ ನೆಟ್‌ವರ್ಕ್‌ಗಳಿಗೂ ತೆರೆಯುತ್ತದೆ, ಹೋಟೆಲ್ ವೈಫೈಗೂ ಸೇರಿ. ಹೊರಗೆ ಕೆಲಸ ಮಾಡುವವರಾದರೆ ಪೋರ್ಟ್‌ನ ಮುಂದೆ ಆ 10.211.55.2 ವಿಳಾಸ ಸೇರಿಸಿ ಅಷ್ಟಕ್ಕೇ ಸೀಮಿತಗೊಳಿಸಿ.

ಆಫೀಸಿನಿಂದ ಬಂದ ಬ್ಯಾಕಪ್ ಫೈಲ್ ರಿಸ್ಟೋರ್ ಮಾಡುವಾಗ ದಾರಿ ತಪ್ಪಿದೆ ಎಂಬ ದೋಷ ಬರುತ್ತದೆ. ಬ್ಯಾಕಪ್ ಒಳಗೆ ಸಿ ಡ್ರೈವ್‌ನ ವಿಳಾಸ ಅಚ್ಚಾಗಿದೆ, ಲಿನಕ್ಸ್ ಕಂಟೇನರ್‌ನಲ್ಲಿ ಸಿ ಡ್ರೈವ್ ಎಲ್ಲಿಂದ ಬರಬೇಕು? ರಿಸ್ಟೋರ್ ಕಮಾಂಡ್‌ನಲ್ಲಿ ಮೂವ್ ಎಂಬ ಪದ ಬಳಸಿ ಡೇಟಾ ಫೈಲ್ ಮತ್ತು ಲಾಗ್ ಫೈಲ್ ಎರಡಕ್ಕೂ ಹೊಸ ಜಾಗ ಹೇಳಿ. ನಿಮ್ಮ ಡೇಟಾಬೇಸ್ ಫೈಲ್‌ಸ್ಟ್ರೀಮ್ ಬಳಸುತ್ತಿದೆಯೇ ಎಂದೂ ಮೊದಲೇ ವಿಚಾರಿಸಿ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಸ್ಕ್ಯಾನ್ ಮಾಡಿದ ಕಾಗದ ಇಡಲು ಇದನ್ನು ಬಳಸಿರಬಹುದು, ಲಿನಕ್ಸ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದು ಇಲ್ಲ. ಹಾಗಿದ್ದಲ್ಲಿ ಕಂಟೇನರ್ ಬಿಟ್ಟು ಆಫೀಸಿನ ಯಾವುದಾದರೂ ಡೆವಲಪ್‌ಮೆಂಟ್ ಸರ್ವರ್‌ಗೆ ವಿಪಿಎನ್ ಮೂಲಕ ಸಂಪರ್ಕ ಕೇಳಿ.

ಈಗ ‘ಬ್ಯಾಡ್ ಇಮೇಜ್ ಫಾರ್ಮ್ಯಾಟ್’. ಫೈಲ್ ಕೆಟ್ಟಿದೆ ಎಂದು ಹೆಸರು ಹೇಳುತ್ತದೆ, ಫೈಲ್ ಚೆನ್ನಾಗಿಯೇ ಇದೆ. ನಿಮ್ಮ ಎಪಿಐ ಎನಿ ಸಿಪಿಯು (ಯಾವ ಚಿಪ್ ಆದರೂ ಸರಿ) ಎಂದು ಬಿಲ್ಡ್ ಆಗಿರುವುದರಿಂದ ಆರ್ಮ್ ವಿಂಡೋಸ್‌ನಲ್ಲಿ ಆರ್ಮ್64 ಪ್ರೊಸೆಸ್ ಆಗಿ ಏಳುತ್ತದೆ. ಆ ಸಿ++ ಡಿಎಲ್‌ಎಲ್ ಬಹುಶಃ ಎಕ್ಸ್64. ಮೊದಲನೆಯ ಗಡಿ. ಪರಿಹಾರ, ಇಡೀ ಪ್ರೊಸೆಸ್ ಅನ್ನೇ ಎಕ್ಸ್64 ಮಾಡುವುದು. ಡಾಟ್‌ನೆಟ್ 8ರ ಎಕ್ಸ್64 ಎಸ್‌ಡಿಕೆಯನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿ. ಅದು ಪ್ರೋಗ್ರಾಂ ಫೈಲ್ಸ್‌ನ ಡಾಟ್‌ನೆಟ್ ಫೋಲ್ಡರ್‌ನೊಳಗೆ ಎಕ್ಸ್64 ಎಂಬ ಉಪಫೋಲ್ಡರ್‌ನಲ್ಲಿ ಕೂರುತ್ತದೆ, ಆರ್ಮ್ ಎಸ್‌ಡಿಕೆಗೆ ಅಡ್ಡಿಯಿಲ್ಲ. ಆಮೇಲೆ ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಬಿಲ್ಡ್ ಪುಟದಲ್ಲಿ ಪ್ಲಾಟ್‌ಫಾರ್ಮ್ ಟಾರ್ಗೆಟ್ ಎಕ್ಸ್64 ಮಾಡಿ. ಇಷ್ಟು ಮಾಡಿಯೂ ಅದೇ ದೋಷ ಬರುತ್ತಿದೆ ಎನ್ನುವವರು ಬಹಳ ಮಂದಿ, ಸಾಮಾನ್ಯವಾಗಿ ಅವರು ಡಾಟ್‌ನೆಟ್ ಕಮಾಂಡ್‌ಗೆ ಡಿಎಲ್‌ಎಲ್ ಹೆಸರು ಕೊಟ್ಟು ಓಡಿಸುತ್ತಿರುತ್ತಾರೆ. ಪಾತ್‌ನಲ್ಲಿ ಮೊದಲು ಸಿಗುವ ಡಾಟ್‌ನೆಟ್ ಆರ್ಮ್‌ನದು, ಪ್ರೊಸೆಸ್ ಮತ್ತೆ ಆರ್ಮ್64 ಆಗಿಯೇ ಏಳುತ್ತದೆ. ಬಿಲ್ಡ್ ಆದ ಎಕ್ಸಿ ಫೈಲ್ ಅನ್ನೇ ನೇರ ಓಡಿಸಿ. ವಿಷುಯಲ್ ಸ್ಟುಡಿಯೋದಿಂದ ಓಡಿಸುವಾಗಲೂ ಐಐಎಸ್ ಎಕ್ಸ್‌ಪ್ರೆಸ್ ಬದಲು ಪ್ರಾಜೆಕ್ಟ್ ಹೆಸರಿನ ಪ್ರೊಫೈಲ್ ಆರಿಸಿ, ಗೋಜಲು ಕಡಿಮೆ. ಯೂನಿಟ್ ಟೆಸ್ಟ್‌ಗೆ ಬೇರೆಯೇ ಸೆಟ್ಟಿಂಗ್ ಇದೆ: ಟೆಸ್ಟ್ ಮೆನುವಿನಲ್ಲಿ ಎನಿ ಸಿಪಿಯು ಪ್ರಾಜೆಕ್ಟ್‌ಗಳಿಗೆ ಪ್ರೊಸೆಸರ್ ಆರ್ಕಿಟೆಕ್ಚರ್ ಆರಿಸುವ ಜಾಗ. ಅಲ್ಲಿಯೂ ಎಕ್ಸ್64 ಮಾಡದಿದ್ದರೆ ಆಪ್ ಓಡುತ್ತದೆ, ಟೆಸ್ಟ್ ಮಾತ್ರ ಕೆಂಪಾಗುತ್ತವೆ.

ಊಹೆ ಬೇಡ, ಕಣ್ಣಾರೆ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್‌ಗೆ ಹೋಗಿ, ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ಆರ್ಕಿಟೆಕ್ಚರ್ ಎಂಬ ಕಾಲಂ ಸೇರಿಸಿ. ಪ್ರತಿ ಪ್ರೊಸೆಸ್‌ನ ಎದುರು ಆರ್ಮ್64, ಎಕ್ಸ್64, ಎಕ್ಸ್86 ಎಂದು ಕಾಣುತ್ತದೆ. ವಿಷುಯಲ್ ಸ್ಟುಡಿಯೋದ ಎದುರು ಆರ್ಮ್64 ಇರಬೇಕು. 2022ರ 17.4 ಆವೃತ್ತಿಯಿಂದ ಅದು ಆರ್ಮ್‌ಗೆ ಸ್ವಂತ ರೂಪದಲ್ಲಿ ಬರುತ್ತಿದೆ. ಆಫೀಸಿನ ಹಳೆಯ ಆಫ್‌ಲೈನ್ ಇನ್‌ಸ್ಟಾಲರ್‌ನಿಂದ 2019 ಹಾಕಿಕೊಂಡಿದ್ದರೆ ಅದು 32 ಬಿಟ್‌ನದು, ಪೂರ್ತಿ ಎಮ್ಯುಲೇಶನ್‌ನಲ್ಲಿ ತೆವಳುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. 4.7.2ರ ಎನಿ ಸಿಪಿಯು ಎಕ್ಸಿಗಳಲ್ಲಿ ‘32 ಬಿಟ್‌ಗೆ ಆದ್ಯತೆ’ ಎಂಬ ಟಿಕ್ ಇದ್ದರೆ ಅದು ಎಕ್ಸ್86 ಆಗಿ ಓಡುತ್ತದೆ, ಇಲ್ಲದಿದ್ದರೆ ಎಕ್ಸ್64 ಆಗಿ. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಆರ್ಮ್64 ಬೆಂಬಲ ಬಂದದ್ದೇ 2022ರ 4.8.1ರಲ್ಲಿ. ಆ ಆವೃತ್ತಿಗೆ ಏರಿಸಿ ವೇಗ ಗಳಿಸೋಣ ಎನಿಸಬಹುದು, ಇಲ್ಲಿ ಅದು ಬೇಡವೇ ಬೇಡ. ಕ್ರಿಸ್ಟಲ್ ರಿಪೋರ್ಟ್ಸ್‌ನ ರನ್‌ಟೈಮ್ 32 ಬಿಟ್ ಮತ್ತು ಎಕ್ಸ್64 ರೂಪಗಳಲ್ಲಿ ಮಾತ್ರ ಬರುತ್ತದೆ, ಆರ್ಮ್‌ಗೆ ಇಲ್ಲ. ಆದ್ದರಿಂದ ಗ್ರಾಹಕರ ಬಳಿ ಯಾವ ರನ್‌ಟೈಮ್ ಇದೆಯೋ ಅದಕ್ಕೆ ಸರಿಯಾಗಿ ಪ್ಲಾಟ್‌ಫಾರ್ಮ್ ಟಾರ್ಗೆಟ್ ಅನ್ನು ಎಕ್ಸ್86 ಅಥವಾ ಎಕ್ಸ್64 ಎಂದು ಗಟ್ಟಿಯಾಗಿ ಬರೆದುಬಿಡಿ, ರನ್‌ಟೈಮ್ ಕೂಡ ಅದೇ ಬಿಟ್‌ನದು ಹಾಕಿ. ಆಕ್ಸೆಸ್‌ನ ಹಳೆಯ ಎಂಡಿಬಿ ಫೈಲ್‌ಗಳನ್ನು ಜೆಟ್ 4.0 ಮೂಲಕ ಓದುವ ಕೋಡ್ ಎಲ್ಲಾದರೂ ಇದ್ದರೆ ಆಯ್ಕೆಯೇ ಇಲ್ಲ, ಜೆಟ್ ಇರುವುದು 32 ಬಿಟ್‌ನಲ್ಲಿ ಮಾತ್ರ, ಎಕ್ಸ್86 ಮಾಡಬೇಕು. ಕಾನ್ಫಿಗರೇಶನ್ ಮ್ಯಾನೇಜರ್ ತೆರೆದು ಸೊಲ್ಯೂಶನ್‌ನ ಪ್ರತಿ ಪ್ರಾಜೆಕ್ಟ್‌ನ ಎದುರಿನ ಸಾಲನ್ನೂ ನೋಡಿ. ಮೇಲೆ ಎಕ್ಸ್86 ಎಂದು ಕಾಣುತ್ತಿದ್ದರೂ ಕೆಳಗಿನ ಒಂದು ಲೈಬ್ರರಿ ಎಕ್ಸ್64ಗೆ ಕಟ್ಟಿಕೊಂಡಿರುವುದು ಹಳೆಯ ಸೊಲ್ಯೂಶನ್‌ಗಳಲ್ಲಿ ಮಾಮೂಲು.

ಓಡುವುದು ಬೇರೆ, ಡಿಸೈನ್ ಮಾಡುವುದು ಬೇರೆ. ರಿಪೋರ್ಟ್ ಡಿಸೈನರ್, ವಿನ್‌ಫಾರ್ಮ್ಸ್‌ನ ಮೂರನೇ ಕಂಪನಿಯ ಕಂಟ್ರೋಲ್‌ಗಳು ಇವೆಲ್ಲ ವಿಷುಯಲ್ ಸ್ಟುಡಿಯೋದ ಪ್ರೊಸೆಸ್ ಒಳಗೇ ಲೋಡ್ ಆಗುವಂಥವಾದರೆ ಮತ್ತೆ ಮೊದಲನೆಯ ಗಡಿ ಎದುರಾಗುತ್ತದೆ. ಎಕ್ಸ್‌ಟೆನ್ಶನ್‌ಗಳೂ ತಮ್ಮ ಮ್ಯಾನಿಫೆಸ್ಟ್‌ನಲ್ಲಿ ಆರ್ಮ್64 ಎಂದು ಘೋಷಿಸಿಕೊಂಡಿದ್ದರೆ ಮಾತ್ರ ಇಲ್ಲಿ ಇನ್‌ಸ್ಟಾಲ್ ಆಗುತ್ತವೆ. ನಿಮ್ಮ ಕೆಲಸದಲ್ಲಿ ದಿನವೂ ರಿಪೋರ್ಟ್‌ನ ಗೆರೆ, ಕಾಲಂ ಸರಿಪಡಿಸುವುದೇ ಹೆಚ್ಚಾಗಿದ್ದರೆ ಆ ಒಂದು ಕೆಲಸಕ್ಕೆ ಆಫೀಸಿನ ಎಕ್ಸ್64 ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಕೇಳಿ. ಮ್ಯಾಕ್‌ನಲ್ಲಿ ಅದರ ಆಪ್‌ಗೆ ಈಗ ವಿಂಡೋಸ್ ಆಪ್ ಎಂದು ಹೆಸರು. ಕೋಡ್ ಇಲ್ಲಿ, ರಿಪೋರ್ಟ್ ಅಲ್ಲಿ ಎಂದು ಹಂಚಿಕೊಂಡರೆ ಕೆಲಸ ಸಾಗುತ್ತದೆ.

ಬಿಲ್ಡ್ ನಿಧಾನ ಎಂದಿರಿ. ಸೊಲ್ಯೂಶನ್ ಎಲ್ಲಿ ಇಟ್ಟಿದ್ದೀರಿ ಎಂದು ಬರೆದಿಲ್ಲ, ಡಾಕ್ಯುಮೆಂಟ್ಸ್‌ನಲ್ಲಿ ಇರಬಹುದು. ಪ್ಯಾರಲಲ್ಸ್ ತಾನಾಗಿಯೇ ಮ್ಯಾಕ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ವಿಂಡೋಸ್‌ನಲ್ಲಿ ಅದೇ ಹೆಸರಿನಲ್ಲಿ ತೋರಿಸುತ್ತದೆ. ಅವು ನೋಡಲು ಲೋಕಲ್, ನಿಜದಲ್ಲಿ ನೆಟ್‌ವರ್ಕ್ ಹಂಚಿಕೆ. ಸಾವಿರಾರು ಸಣ್ಣ ಫೈಲ್ ತೆರೆದು ಮುಚ್ಚುವ ಬಿಲ್ಡ್‌ಗೆ ಇದೇ ದೊಡ್ಡ ಹೊರೆ. ನಿಧಾನವೊಂದೇ ಅಲ್ಲ, ಫೈಲ್ ಬದಲಾದದ್ದು ವಿಂಡೋಸ್‌ಗೆ ಸರಿಯಾಗಿ ತಿಳಿಯದೆ ಹಾಟ್ ರಿಲೋಡ್ ಸುಮ್ಮನಾಗುತ್ತದೆ, ಗಿಟ್ ‘ಮಾಲೀಕತ್ವ ಸಂದೇಹಾಸ್ಪದ’ ಎಂದು ರಿಪಾಸಿಟರಿ ತೆರೆಯಲು ನಿರಾಕರಿಸುತ್ತದೆ, ಪವರ್‌ಶೆಲ್‌ನ ಪ್ರೊಫೈಲ್ ಸ್ಕ್ರಿಪ್ಟ್ ನೆಟ್‌ವರ್ಕ್ ದಾರಿಯಲ್ಲಿದೆ ಎಂದು ಓಡುವುದಿಲ್ಲ. ಕಡೆಯ ಎರಡಕ್ಕೆ ಜನ ಸುರಕ್ಷತೆಯ ಸೆಟ್ಟಿಂಗ್ ಸಡಿಲಿಸಿ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ವರ್ಚುವಲ್ ಮಷೀನ್‌ನ ಕಾನ್ಫಿಗರೇಶನ್‌ನಲ್ಲಿ, ಆಪ್ಷನ್ಸ್‌ನ ಶೇರಿಂಗ್ ಭಾಗದಲ್ಲಿ, ಈ ಫೋಲ್ಡರ್ ಹಂಚಿಕೆ ಆಫ್ ಮಾಡಿ, ಕೋಡ್ ಅನ್ನು ಸಿ ಡ್ರೈವ್‌ನ ಬುಡದಲ್ಲಿ ಚಿಕ್ಕ ಹೆಸರಿನ ಫೋಲ್ಡರ್‌ಗೆ ಹೊಸದಾಗಿ ಕ್ಲೋನ್ ಮಾಡಿ. ಮ್ಯಾಕ್‌ನಲ್ಲೂ ಅದೇ ಕೋಡ್ ಬೇಕಿದ್ದರೆ ಅಲ್ಲಿ ಇನ್ನೊಂದು ಕ್ಲೋನ್ ಇರಲಿ, ಎರಡರ ನಡುವೆ ಗಿಟ್ ಓಡಾಡಲಿ. ಇನ್ನೂ ವೇಗ ಬೇಕೆಂದರೆ ಡೆವಲಪರ್‌ಗಳಿಗೆಂದೇ ವಿಂಡೋಸ್ ಕೊಡುವ ಡೆವ್ ಡ್ರೈವ್ ಎಂಬ ಪ್ರತ್ಯೇಕ ಡಿಸ್ಕ್ ಭಾಗ ಇದೆ. ಕನಿಷ್ಠ 50 ಜಿಬಿ ಬೇಡುತ್ತದೆ, 512ರ ಡಿಸ್ಕ್‌ನಲ್ಲಿ ಯೋಚಿಸಿ ಮಾಡಿ.

ಮೆಮೊರಿಯ ಲೆಕ್ಕ: 16ರಲ್ಲಿ ವಿಂಡೋಸ್‌ಗೆ 8 ಜಿಬಿ ಮತ್ತು 4 ಕೋರ್. ಪ್ಯಾರಲಲ್ಸ್‌ನ ಸ್ಟಾಂಡರ್ಡ್ ಆವೃತ್ತಿ ಕೊಡುವ ಗರಿಷ್ಠವೂ ಇಷ್ಟೇ, ಆದ್ದರಿಂದ ಪ್ರೋಗೆ ಹಣ ಸುರಿಯುವ ಅಗತ್ಯ ನಿಮಗಿಲ್ಲ. ಡಾಕರ್‌ಗೆ 3 ಜಿಬಿ. ಎಸ್‌ಕ್ಯೂಎಲ್ ಸರ್ವರ್‌ಗೇ ಕನಿಷ್ಠ 2 ಬೇಕು. ಉಳಿದ 5ರಲ್ಲಿ ಮ್ಯಾಕ್‌ಓಎಸ್ ಬದುಕಬೇಕು. ಇದು ಬಿಗಿ. ಬ್ರೌಸರ್ ಒಂದೇ ಕಡೆ ತೆರೆಯಿರಿ, ಮ್ಯಾಕ್‌ನಲ್ಲಿ. 8 ಜಿಬಿ ಮ್ಯಾಕ್‌ನಲ್ಲಿ ಈ ಪೂರ್ತಿ ಜೋಡಣೆ ಕೂಡಿಬರುವುದಿಲ್ಲ, ಅಂಥವರು ಪ್ರಯತ್ನಿಸದಿರುವುದೇ ಒಳ್ಳೆಯದು. ಏರ್‌ಗೆ ಫ್ಯಾನ್ ಇಲ್ಲವಾದ್ದರಿಂದ ದೀರ್ಘ ಬಿಲ್ಡ್‌ನಲ್ಲಿ ಬಿಸಿಯಾಗಿ ವೇಗ ಇಳಿಯುತ್ತದೆ. ಕೋರ್ ಹೆಚ್ಚಿಸಿದರೆ ಅದು ಬೇಗ ಇಳಿಯುತ್ತದೆ ಅಷ್ಟೇ.

ಪ್ಯಾರಲಲ್ಸ್ ಬಿಟ್ಟು ಉಚಿತವಾದದ್ದು ಬೇಕೆಂದರೆ ವಿಎಂವೇರ್ ಫ್ಯೂಷನ್ ಪ್ರೋ 2024ರ ನವೆಂಬರ್‌ನಿಂದ ಕಂಪನಿ ಕೆಲಸಕ್ಕೂ ಉಚಿತ. ಅಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್‌ಗಾಗಿ ವರ್ಚುವಲ್ ಮಷೀನ್‌ಗೆ ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಇಡಬೇಕಾಗುತ್ತದೆ, ಅದು ಕಳೆದರೆ ಯಂತ್ರ ತೆರೆಯುವುದಿಲ್ಲ. ಯುಟಿಎಂ ಕೂಡ ಉಚಿತ. ಆದರೆ ವಿಂಡೋಸ್‌ಗೆ ಗ್ರಾಫಿಕ್ಸ್ ವೇಗವರ್ಧನೆ ಇಲ್ಲದ ಕಾರಣ ವಿಷುಯಲ್ ಸ್ಟುಡಿಯೋದ ಪರದೆ ಎಳೆದೆಳೆದು ಸರಿಯುತ್ತದೆ. ಇದರಲ್ಲಿ ಎಕ್ಸ್64 ವಿಂಡೋಸ್ ಅನ್ನೇ ಪೂರ್ತಿ ಎಮ್ಯುಲೇಟ್ ಮಾಡುವ ಆಯ್ಕೆಯೂ ಇದೆ. ಕುತೂಹಲಕ್ಕೆ ಸರಿ, ವಿಷುಯಲ್ ಸ್ಟುಡಿಯೋ ಓಡಿಸಲು ಅಲ್ಲ.

ಕೀಬೋರ್ಡ್ ಬಗ್ಗೆ ನೀವು ಕೇಳಿಲ್ಲ, ಇನ್ನೆರಡು ದಿನದಲ್ಲಿ ಕೇಳುತ್ತೀರಿ. ಎಫ್11 ಒತ್ತಿದರೆ ಡಿಬಗರ್ ಒಳಹೋಗುವ ಬದಲು ಧ್ವನಿ ಇಳಿಯುತ್ತದೆ, ಇಲ್ಲವೇ ಮ್ಯಾಕ್‌ನ ಡೆಸ್ಕ್‌ಟಾಪ್ ಕಾಣುತ್ತದೆ. ಮ್ಯಾಕ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಎಫ್ ಕೀಗಳನ್ನು ಮಾಮೂಲಿ ಕೀಗಳಾಗಿ ಬಳಸುವಂತೆ ಬದಲಿಸಿ, ಡೆಸ್ಕ್‌ಟಾಪ್ ತೋರಿಸುವ ಎಫ್11 ಶಾರ್ಟ್‌ಕಟ್ ಕೂಡ ತೆಗೆಯಿರಿ. ಮ್ಯಾಕ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡವರಿಗೆ ಇನ್ನೊಂದು ಕಿರಿಕಿರಿ: ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಇಂಟೆಲಿಸೆನ್ಸ್ ಬರುವ ಬದಲು ಭಾಷೆ ಬದಲಾಗಿ, ಕೋಡ್ ನಡುವೆ ಕನ್ನಡ ಅಕ್ಷರ ಬೀಳುತ್ತದೆ. ಇನ್‌ಪುಟ್ ಸೋರ್ಸ್ ಬದಲಿಸುವ ಶಾರ್ಟ್‌ಕಟ್ ಅನ್ನು ಬೇರೆ ಕೀಗಳಿಗೆ ಕೊಡಿ.

ಡ್ರೈವರ್ ವಿಷಯದಲ್ಲಿ ಒಂದನ್ನು ಇವತ್ತೇ ಆಫೀಸಿನಲ್ಲಿ ಕೇಳಿ. ಬಿಲ್ಲಿಂಗ್ ಸಾಫ್ಟ್‌ವೇರ್ ಅಥವಾ ಆ ಸಿ++ ಡಿಎಲ್‌ಎಲ್ ಯುಎಸ್‌ಬಿ ಲೈಸೆನ್ಸ್ ಡಾಂಗಲ್, ಬಾರ್‌ಕೋಡ್ ಪ್ರಿಂಟರ್ ಅಥವಾ ತೂಕದ ಯಂತ್ರದೊಂದಿಗೆ ಮಾತಾಡುತ್ತದೆಯೇ? ಹೌದಾದರೆ ಆ ಸಾಧನಕ್ಕೆ ಆರ್ಮ್64 ಡ್ರೈವರ್ ಇದೆಯೇ ಎಂದು ತಯಾರಕರ ಡೌನ್‌ಲೋಡ್ ಪುಟದಲ್ಲಿ ನೋಡಿ. ಎಕ್ಸ್64 ಡ್ರೈವರ್ ಮಾತ್ರ ಇದ್ದರೆ ಇಲ್ಲಿ ಓಡುವುದಿಲ್ಲ. ಆ ಸಾಧನವಿಲ್ಲದೆ ನಿಮ್ಮ ಕೆಲಸ ನಡೆಯದು ಎಂದಾದರೆ, ಆಗ ಎಕ್ಸ್64 ಲ್ಯಾಪ್‌ಟಾಪ್ ಬೇಕೇ ಬೇಕು. ಅದನ್ನು ಕಂಪನಿಯೇ ಕೊಡಲಿ.

ಬದಲಾವಣೆಗಳನ್ನು ಶುರು ಮಾಡುವ ಮೊದಲು ವರ್ಚುವಲ್ ಮಷೀನ್‌ನ ಒಂದು ಸ್ನ್ಯಾಪ್‌ಶಾಟ್ (ಬೇಕಾದರೆ ಮರಳಲು ಈಗಿನ ಸ್ಥಿತಿಯ ದಾಖಲೆ) ತೆಗೆಯಿರಿ, ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿ. ಆಗಿದ್ದರೆ ಅದರ ರಿಕವರಿ ಕೀಯನ್ನು ಈ ಲ್ಯಾಪ್‌ಟಾಪ್‌ನ ಹೊರಗೆ ಎಲ್ಲಾದರೂ ಬರೆದಿಡಿ. ಎಲ್ಲ ಸರಿಹೋದ ಮೇಲೆ ಆ ಸ್ನ್ಯಾಪ್‌ಶಾಟ್ ಅಳಿಸಿ. ಇಟ್ಟುಕೊಂಡಷ್ಟು ದಿನವೂ ಅದು ಡಿಸ್ಕ್ ತಿನ್ನುತ್ತಲೇ ಇರುತ್ತದೆ.